ಹದಿನಾಲ್ಕನೇ ದಿನ ಬೀಗ ಹಾಕಿದ್ದ ಮನೆ: ಒಬ್ಬ ಬಾಣಂತಿಯ ಪ್ರಕರಣ

ಹರಿಹರದಿಂದ ಆಶಾ ಕಾರ್ಯಕರ್ತೆಯ ಫೋನ್ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯರನ್ನು ಆಶಾಗಳು 3, 7, 14, 21, 28 ಮತ್ತು 42ನೇ ದಿನ ಹೋಗಿ ನೋಡಬೇಕು. ಕೂಸಿನ ತೂಕ, ಮೈಬಿಸಿ, ಹಾಲು ಕುಡಿಯುವುದು ಎಲ್ಲವನ್ನೂ ಬರೆದುಕೊಳ್ಳಬೇಕು. ಅಂದು 14ನೇ ದಿನ.

"ಮೇಡಂ, ಮನೆಗೆ ಬೀಗ ಐತೆ. ಬಾಣಂತೀನ ದಾವಣಗೆರೆಗೆ ಪ್ರಾರ್ಥನೆ ಮನೆಗೆ ಕರ್ಕೊಂಡು ಹೋಗ್ಯಾರಂತೆ. ಮೂರು ದಿನ ಉಪವಾಸ ಅಂತೆ. ಕೂಸೂ ಅಲ್ಲೇ ಐತಂತೆ."

"ಉಪವಾಸ ಯಾರಿಗೆ?" ಎಂದು ಕೇಳಿದೆ.

"ಬಾಣಂತಿಗೇ ಮೇಡಂ."

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಉಪದೇಶಿಯ ಮಗಳು. ಮನೆಯಲ್ಲಿ ಊಟಕ್ಕೆ ಮೊದಲು ಪ್ರಾರ್ಥನೆ, ಮಲಗುವ ಮೊದಲು ಕೀರ್ತನೆ, ಹೀಗೆ ಬೆಳೆದವಳು. ಮನೋರೋಗ ಮತ್ತು ದುರಾತ್ಮ ಎಂಬ ಪ್ರಶ್ನೆ ನನಗೆ ಹೊರಗಿನದಲ್ಲ. ಈ ಪ್ರಕರಣವನ್ನು ಆ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ, ಸಭೆಯ ಹೆಸರನ್ನೂ ಹಾಕಿಲ್ಲ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಗೆ 24 ವರ್ಷ, ಚೊಚ್ಚಲ ಹೆರಿಗೆ. ತವರು ಹರಿಹರ, ಕಥೋಲಿಕರು. ತಾಯಿ ಆರೋಗ್ಯ ಮಾತೆಯ ಗುಡಿಯ ಗಂಟೆ ಕೇಳಿಯೇ ಏಳುವವರು. ಗಂಡನ ಮನೆ ದಾವಣಗೆರೆ, ಒಂದು ಸಣ್ಣ ಪೆಂತೆಕೊಸ್ತ್ ಸಭೆಗೆ ಸೇರಿದವರು. ಮದುವೆಯ ಹೊತ್ತಿಗೆ ಎರಡು ಕಡೆಯೂ ಒಂದಿಷ್ಟು ಬಿಗುವಿತ್ತು, ಆಮೇಲೆ ಸರಿಹೋಗಿತ್ತು. ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಮೆಣಸಿನ ಸಾರು, ಬೆಳ್ಳುಳ್ಳಿ, ನೀರು ಮಾತ್ರ ಅಳೆದು ಅಳೆದು. ಗಾಳಿ ಸೋಕದಿರಲಿ, ದಿಂಬಿನ ಕೆಳಗೆ ಕುಡುಗೋಲು ಇಡಿ ಎಂದು ಪಕ್ಕದ ಮನೆಯ ಅಜ್ಜಿ ಹೇಳಿದರಂತೆ. ತಾಯಿ ಕುಡುಗೋಲು ಇಡಲಿಲ್ಲ, ಜಪಸರ ಇಟ್ಟರು. ಅತ್ತೆ ನೋಡಲು ಬಂದವರು ಜಪಸರ ತೆಗೆದು ಸತ್ಯವೇದ (ಬೈಬಲ್) ಇಟ್ಟರು. ಗಾಳಿಯ ಭಯ ಮಾತ್ರ ಮೂವರಿಗೂ ಒಂದೇ. ಇದನ್ನು ಆಕ್ಷೇಪಣೆಯಾಗಿ ಬರೆಯುತ್ತಿಲ್ಲ. ಹಸಿ ಬಾಣಂತಿಯ ಸುತ್ತ ಭಯ ಇರುವುದು ಸಹಜ, ಏಕೆಂದರೆ ಅಪಾಯವೂ ನಿಜವೇ.

ತಾಯಿಯ ಬಾಯಿಂದ ಆಮೇಲೆ ಕೇಳಿ ಬರೆದುಕೊಂಡ ದಿನಚರಿ ಹೀಗಿದೆ. 4ನೇ ದಿನದಿಂದ ನಿದ್ದೆ ಹೋಯಿತು. ಕೂಸು ಮಲಗಿದರೂ ಇವಳು ಮಲಗಲಿಲ್ಲ. ಮಾತು ಜಾಸ್ತಿ, ನಗು ಜಾಸ್ತಿ, ಇದ್ದಕ್ಕಿದ್ದಂತೆ ಅಳು. 7ನೇ ದಿನ ಆಶಾ ಬಂದಾಗ ಅವರ ಕೈ ಹಿಡಿದುಕೊಂಡು ಅರ್ಧ ಗಂಟೆ ಬಿಡಲಿಲ್ಲ. 8ನೇ ದಿನ, "ಇದು ನನ್ನ ಕೂಸಲ್ಲ, ಆಸ್ಪತ್ರೆಯಲ್ಲಿ ಬದಲಿ ಮಾಡ್ಯಾರೆ" ಎಂದಳು. 10ನೇ ದಿನ ಯಾರೋ ಹೊಳೆ ಕಡೆಯಿಂದ ಕೂಗುತ್ತಿದ್ದಾರೆ, ಕೂಸನ್ನು ಕೊಟ್ಟರೆ ಊರಿಗೆ ಒಳ್ಳೆಯದಾಗುತ್ತದೆ ಅನ್ನುತ್ತಿದ್ದಾರೆ ಎಂದಳು. 11ನೇ ರಾತ್ರಿ ಕೂಸನ್ನು ಎತ್ತಿಕೊಂಡು ತುಂಗಭದ್ರೆಯ ಕಡೆ ನಡೆದುಬಿಟ್ಟಿದ್ದಳು. ಬೀದಿಯ ಕೊನೆಯಲ್ಲಿ ಅಪ್ಪ ಓಡಿ ಹೋಗಿ ಹಿಡಿದರು.

ಆ ಬೀದಿಯಲ್ಲಿ ಒಬ್ಬ ಹಳೆಯ ಸೂಲಗಿತ್ತಿ ಇದ್ದಾರೆ. ಅವರು ಬಂದು ನೋಡಿ, "ಇದು ಬಾಣಂತಿ ಸನ್ನಿ ಕಣವ್ವಾ, ದೊಡ್ಡಾಸ್ಪತ್ರೆಗೆ ತೋರಿಸ್ರಿ" ಎಂದು ಹೇಳಿದ್ದರು. ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ನಮ್ಮ ಭಾಷೆಯಲ್ಲೇ ಇದಕ್ಕೆ ಕಾಯಿಲೆಯ ಹೆಸರಿದೆ. ಸನ್ನಿ ಅಂದರೆ ದೆವ್ವವಲ್ಲ, ಸನ್ನಿಪಾತದಿಂದ ಬಂದ ಮಾತು, ಮೈಯೊಳಗಿನ ಏರುಪೇರು. ಶಾಲೆಯ ಮೆಟ್ಟಿಲು ಹತ್ತದ ಆ ಅಜ್ಜಿ ಕಾಯಿಲೆಯ ಹೆಸರು ಹೇಳಿದರು. ಓದಿದವರಿದ್ದ ಆ ಮನೆಯವರು ಅದನ್ನು ಕೇಳಲಿಲ್ಲ.

ಕೇಳದಿರಲು ಒಂದು ಕಾರಣವಿತ್ತು. ಹುಡುಗಿಯ ಸೋದರಮಾವನಿಗೆ ಹಿಂದೆ ತಲೆ ಕೆಟ್ಟಿತ್ತು. ತಿಂಗಳುಗಟ್ಟಲೆ ಹುರುಪು, ತಿಂಗಳುಗಟ್ಟಲೆ ಮಂಕು, ಕೊನೆಗೆ ಮನೆ ಬಿಟ್ಟು ಹೋದವರು ತಿರುಗಿ ಬರಲಿಲ್ಲ. ಮದುವೆಯ ಮಾತುಕತೆಯಲ್ಲಿ ಈ ಸಂಗತಿಯನ್ನು ಯಾರೂ ಹೇಳಿರಲಿಲ್ಲ. 11ನೇ ರಾತ್ರಿಯ ನಂತರ ಅದು ಹೊರಬಿತ್ತು. ಅತ್ತೆಗೆ ಕೂಡಲೇ ಅರ್ಥ ಹೊಳೆಯಿತು: ವಂಶದ ಶಾಪ. ನನ್ನ ಕಸುಬಿನವರಿಗೂ ಅದೇ ಸಂಗತಿಯಿಂದ ಕೂಡಲೇ ಒಂದು ಅರ್ಥ ಹೊಳೆಯುತ್ತದೆ: ಹತ್ತಿರದ ರಕ್ತಸಂಬಂಧಿಗೆ ಉನ್ಮಾದ ಖಿನ್ನತೆಯ ಕಾಯಿಲೆ ಇದ್ದರೆ ಬಾಣಂತಿ ಸನ್ನಿಯ ಸಾಧ್ಯತೆ ಹೆಚ್ಚು. ಒಂದೇ ಮಾವ, ಎರಡು ಓದು. ಅತ್ತೆಯ ಓದಿನಲ್ಲಿ ಹುಡುಗಿಯ ತಾಯಿ ತಪ್ಪಿತಸ್ಥೆಯಾದರು. ಆ ತಪ್ಪಿನ ಭಾರಕ್ಕೆ ತಾಯಿ ಬಾಯಿ ಮುಚ್ಚಿಕೊಂಡು, ಮಗಳನ್ನು ಪ್ರಾರ್ಥನೆ ಮನೆಗೆ ಕಳಿಸಲು ಒಪ್ಪಿ, ತಾವೂ ಹಿಂದೆ ಹೋದರು.

ನಾನು ಅಲ್ಲಿ ತಲುಪಿದಾಗ ನಾಲ್ಕು ಗಂಟೆ. ಊರಾಚೆ ಶೀಟಿನ ಹಾಲ್, ಪಕ್ಕದಲ್ಲೊಂದು ಸಣ್ಣ ಕೋಣೆ. ಹುಡುಗಿ ಮಂಚದ ಮೇಲಿದ್ದಳು. ಎರಡೂ ಕೈಗಳನ್ನು ಹತ್ತಿ ಸೀರೆಯಿಂದ ಮಂಚದ ಕಾಲಿಗೆ ಕಟ್ಟಿದ್ದರು. ಗಂಟು ಸಡಿಲವಾಗಿಯೇ ಇತ್ತು, ನೋಯಿಸುವ ಉದ್ದೇಶ ಕಾಣಲಿಲ್ಲ. ತುಟಿ ಒಡೆದಿತ್ತು. ಹಿಂದಿನ ಸಂಜೆಯಿಂದ ಒಂದು ಲೋಟ ನೀರು ಮಾತ್ರ ಕುಡಿದಿದ್ದಳು. ಸುತ್ತ ಹತ್ತು ಹನ್ನೆರಡು ಜನ ತಲೆಯ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸುತ್ತಿದ್ದರು. ಹಾಲಿನ ಮೂಲೆಯಲ್ಲಿ ಒಬ್ಬ ಹೆಂಗಸು ಕೂಸಿಗೆ ಚಮಚದಲ್ಲಿ ಸಕ್ಕರೆ ನೀರು ಹಾಕುತ್ತಿದ್ದರು.

ನಾನು ಸಿಟ್ಟಾದೆ. "ಇದು ಕಾನೂನಿಗೆ ವಿರುದ್ಧ, ಜೈಲಿಗೆ ಹೋಗ್ತೀರಿ" ಎಂದೆ. ಪಾಸ್ಟರ್ ನನ್ನ ಕಡೆ ತಿರುಗಿ ಶಾಂತವಾಗಿಯೇ ಹೇಳಿದರು: "ಸಹೋದರಿ, ನೀವು ಮಾತ್ರೆ ಕೊಡೋರು. ಇದು ಮಾತ್ರೆಗೆ ಹೋಗೋದಲ್ಲ." ಬಾಗಿಲು ಮುಚ್ಚಿತು. ನನ್ನ ಮೊದಲ ಭೇಟಿ ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ. ತಪ್ಪು ನನ್ನದೇ.

ಹೊರಗೆ ಬೇವಿನ ಮರದ ಕೆಳಗೆ ನಿಂತು ನಮ್ಮ ಮನೋವೈದ್ಯರಿಗೆ ಫೋನ್ ಮಾಡಿದೆ. ಕಾನೂನು ನಮ್ಮ ಪರವೇ ಇತ್ತು. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಕಾಯಿಲೆಯವರನ್ನು ಯಾರದೋ ಜಾಗದಲ್ಲಿ ಹಿಂಸಿಸುತ್ತಿದ್ದಾರೆ ಅಥವಾ ಕೈಬಿಟ್ಟಿದ್ದಾರೆ ಎಂದು ಅನಿಸಿದರೆ ಯಾರು ಬೇಕಾದರೂ ಠಾಣೆಗೆ ತಿಳಿಸಬಹುದು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಗುಣವಾಗಲೆಂದು ಮನೆಯವರು ಬಿಟ್ಟು ಹೋಗಿದ್ದವರು ಸರಪಳಿಯಲ್ಲಿದ್ದ ಕಾರಣಕ್ಕೇ ಓಡಲಾರದೆ ಸುಟ್ಟು ಸತ್ತರು. ಅದನ್ನು ಓದಿದ ಯಾರೂ ಕಟ್ಟಿದ ಕೈಯನ್ನು ನೋಡಿ ಸುಮ್ಮನಿರಲಾರರು. ವೈದ್ಯರು, "ಏಳರ ತನಕ ನೋಡಿ, ಆಗದಿದ್ದರೆ ಪೊಲೀಸರಿಗೆ ಹೇಳೋಣ. ಕೂಸು ನಿಮ್ಮ ಕಣ್ಣಮುಂದೆಯೇ ಇರಲಿ" ಎಂದರು. ಆ ಮೂರು ಗಂಟೆ ಕಾದದ್ದು ಸರಿಯೇ ಎಂದು ಈಗಲೂ ಕೆಲವು ರಾತ್ರಿ ಯೋಚಿಸುತ್ತೇನೆ. ಅಂದು ಪೊಲೀಸರು ಬಂದಿದ್ದರೆ ಹುಡುಗಿ ಆಸ್ಪತ್ರೆಗೇನೋ ಸೇರುತ್ತಿದ್ದಳು, ಆದರೆ ಗಂಡನ ಮನೆಯವರು ಮುಂದೆ ಒಂದು ಮಾತ್ರೆಯನ್ನೂ ನುಂಗಲು ಬಿಡುತ್ತಿರಲಿಲ್ಲ.

ಮತ್ತೆ ಒಳಗೆ ಹೋಗಿ ಚಾಪೆಯ ಮೇಲೆ ಕೂತೆ. ಈ ಸಲ ಪಾಸ್ಟರನ್ನು ಗಮನಿಸಿದೆ. ಅವರ ದನಿ ಒಣಗಿತ್ತು, ಕಣ್ಣು ಒಳಗೆ ಹೋಗಿದ್ದವು. ಅವರೂ ಎರಡು ದಿನದಿಂದ ಉಪವಾಸ. ಆ ಮನೆಯವರಿಂದ ಒಂದು ರೂಪಾಯಿ ತೆಗೆದುಕೊಂಡಿರಲಿಲ್ಲ. ಒಂದು ಕಾಲದಲ್ಲಿ ಕುಡಿದು ಬೀದಿಯಲ್ಲಿ ಬಿದ್ದಿರುತ್ತಿದ್ದ ತನ್ನನ್ನು ಪ್ರಾರ್ಥನೆ ಎತ್ತಿ ನಿಲ್ಲಿಸಿತು ಎಂಬುದು ಅವರ ಜೀವಂತ ಅನುಭವ. ಅದನ್ನು ಅಲ್ಲಗಳೆಯಲು ನಾನು ಯಾರು?

"ಪಾಸ್ಟರ್, ದುರಾತ್ಮ ಅಂತ ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದೆ. ಯೇಸುವಿನ ಹೆಸರೆತ್ತಿದ ಕೂಡಲೇ ಚೀರುತ್ತಾಳೆ, ದನಿ ಬದಲಾಗುತ್ತದೆ, ಮೂವರು ಹಿಡಿದರೂ ನಿಲ್ಲುವುದಿಲ್ಲ, "ಸೈತಾನ ಕೂಸನ್ನು ಕೇಳ್ತಾನೆ" ಎಂದು ತಾನೇ ಹೇಳುತ್ತಾಳೆ ಎಂದರು. ಸುಳ್ಳಲ್ಲ, ಅದೆಲ್ಲ ನಾನೂ ಕಂಡೆ. ಆದರೆ ಹತ್ತು ದಿನ ನಿದ್ದೆಗೆಟ್ಟವಳ ಕಿವಿಯ ಹತ್ತಿರ ಹನ್ನೆರಡು ಜನ ಕೂಗಿದರೆ ಯಾವ ಹೆಸರಿಗಾದರೂ ಚೀರಾಳು. ಸೈತಾನನ ಮಾತಿಗೂ ಕಾರಣವಿದೆ. ಭ್ರಮೆ ತನ್ನ ಬಟ್ಟೆಯನ್ನು ಮನೆಯ ಕಪಾಟಿನಿಂದಲೇ ತೆಗೆದು ಉಟ್ಟುಕೊಳ್ಳುತ್ತದೆ. ಕ್ರೈಸ್ತ ಮನೆಯ ಹುಡುಗಿಗೆ ಸೈತಾನ ಕಾಣುತ್ತಾನೆ, ಪಕ್ಕದ ಮನೆಯ ಹುಡುಗಿಗೆ ದೇವತೆ ಮೈಮೇಲೆ ಬಂದಂತಾಗುತ್ತದೆ, ಇನ್ನೊಬ್ಬಳಿಗೆ ಮೊಬೈಲಿನೊಳಗಿಂದ ಯಾರೋ ನೋಡುತ್ತಾರೆ. ಮಿದುಳಿನೊಳಗಿನ ಸಂಕಟ ಮೂವರಲ್ಲೂ ಒಂದೇ ಇರಬಹುದು.

ಇದನ್ನು ಅಂದು ಹೇಳಲಿಲ್ಲ. ಹೇಳಿದ್ದರೆ ಮತ್ತೆ ಮಾತ್ರೆ ಕೊಡುವವಳಾಗುತ್ತಿದ್ದೆ. ಬದಲಿಗೆ, ಬಾಣಂತಿಗೆ ಉಪವಾಸ ಯಾಕೆ ಎಂದು ಕೇಳಿದೆ. ಅವರು ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ತೆಗೆದರು. ಅಪ್ಪನೊಬ್ಬ ಮಗನನ್ನು ಕರೆತರುತ್ತಾನೆ. ಹುಡುಗ ನೆಲಕ್ಕೆ ಬಿದ್ದು ನೊರೆ ಕಾರಿ ಹಲ್ಲು ಕಡಿಯುತ್ತಾನೆ. ಶಿಷ್ಯರಿಂದ ಬಿಡಿಸಲಾಗುವುದಿಲ್ಲ. ಇಂಥದ್ದು ಪ್ರಾರ್ಥನೆಯಿಂದಲೇ ಹೊರತು ಹೋಗದು ಎಂದು ಯೇಸು ಹೇಳುತ್ತಾನೆ. ಅಲ್ಲಿ ಉಪವಾಸ ಎಂಬ ಮಾತು ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಇಲ್ಲ, ಅದಕ್ಕೇ ಈಗಿನ ಅನೇಕ ಅನುವಾದಗಳು ಅದನ್ನು ಅಡಿಟಿಪ್ಪಣಿಗೆ ಇಳಿಸಿವೆ. ಆದರೆ ನಾನು ಹಿಡಿದದ್ದು ಆ ವಾದವನ್ನಲ್ಲ. "ಪಾಸ್ಟರ್, ಇದೆ ಅಂತಲೇ ಇಟ್ಟುಕೊಳ್ಳೋಣ. ಉಪವಾಸ ಮಾಡಬೇಕಿದ್ದದ್ದು ಯಾರು? ಯೇಸು ಶಿಷ್ಯರಿಗೆ ಹೇಳ್ತಾನೆ. ಆ ಹುಡುಗನನ್ನ ಹಸಿದಿರು ಅಂತ ಯಾರೂ ಹೇಳಿಲ್ಲವಲ್ಲ?"

ಅವರು ಮತ್ತೊಮ್ಮೆ ಓದಿದರು. ಮಾತಾಡಲಿಲ್ಲ.

ಆಗ ಬಾಗಿಲ ಬಳಿ ನಿಂತಿದ್ದ ಪಾಸ್ಟರಮ್ಮ ಅದೇ ಸುವಾರ್ತೆಯ 5ನೇ ಅಧ್ಯಾಯದ ಕೊನೆಯನ್ನು ನೆನಪಿಸಿದರು. ಆ ಅಧ್ಯಾಯ ಶುರುವಾಗುವುದು ಸಮಾಧಿಗಳ ನಡುವೆ ಸರಪಳಿ ಕಿತ್ತೆಸೆದು ಅಲೆಯುತ್ತಿದ್ದ ಮನುಷ್ಯನಿಂದ. ದೆವ್ವ ಬಿಡಿಸುವವರೆಲ್ಲ ಮೊದಲು ತೆಗೆಯುವ ಪುಟ ಅದು. ಮುಗಿಯುವುದು ಯಾಯೀರನ ಮಗಳಲ್ಲಿ. ಸತ್ತ ಹುಡುಗಿಯನ್ನು ಎಬ್ಬಿಸಿದ ಮೇಲೆ, ಇವಳಿಗೆ ಏನಾದರೂ ಊಟಕ್ಕೆ ಕೊಡಿ ಎಂದು ಯೇಸು ಹೇಳಿದ. "ಸತ್ತು ಎದ್ದವಳಿಗೇ ಊಟ ಕೊಡ್ರಿ ಅಂದ ಸ್ವಾಮಿ, ಹಾಲೂಡೋ ಬಾಣಂತಿಗೆ ಬ್ಯಾಡ ಅಂತಾನೇನ್ರಿ?" ಎಂದು ಕೇಳಿ ಅವರು ಒಳಗೆ ಹೋಗಿ ಗಂಜಿ ತಂದರು. ಸೀರೆಯ ಗಂಟನ್ನು ಅವರೇ ಬಿಚ್ಚಿದರು. ನಾಲ್ಕು ಮಕ್ಕಳ ತಾಯಿ ಆಕೆ. ಮೂರು ಗಂಟೆಯಿಂದ ಅಡುಗೆಮನೆಯಲ್ಲಿ ಆ ಗಂಜಿ ಕಾಯುತ್ತಿತ್ತೆಂದು ಆಮೇಲೆ ತಿಳಿಯಿತು.

ಪಾಸ್ಟರ್ ಕೇಳಿದ ಕೊನೆಯ ಪ್ರಶ್ನೆ, "ಆಸ್ಪತ್ರೆಗೆ ಹೋದರೆ ನಂಬಿಕೆ ಬಿಟ್ಟಂಗಲ್ವಾ?" ಪೌಲನ ಜೊತೆ ಓಡಾಡಿದ ಲೂಕನನ್ನು ಕೊಲೊಸ್ಸೆಯವರ ಪತ್ರಿಕೆ ಪ್ರಿಯ ವೈದ್ಯನೆಂದೇ ಕರೆಯುತ್ತದೆ. ಸುವಾರ್ತೆ ಬರೆದವನೇ ವೈದ್ಯ. ಮತ್ತಾಯ 4ನೇ ಅಧ್ಯಾಯ ಯೇಸುವಿನ ಬಳಿಗೆ ಬಂದವರನ್ನು ಹೆಸರಿಸುವಾಗ ದೆವ್ವ ಹಿಡಿದವರು, ಮೂರ್ಛೆರೋಗದವರು, ಪಾರ್ಶ್ವವಾಯು ಬಡಿದವರು ಎಂದು ಬೇರೆ ಬೇರೆಯಾಗಿಯೇ ಹೇಳುತ್ತದೆ. ಎರಡು ಸಾವಿರ ವರ್ಷದ ಹಿಂದಿನವರಿಗೂ ಎಲ್ಲ ನರಳಾಟ ಒಂದೇ ಆಗಿರಲಿಲ್ಲ. ಇಷ್ಟು ಹೇಳಿ, "ನೀವೂ ಬನ್ನಿ, ದಾರಿಯುದ್ದಕ್ಕೂ ಪ್ರಾರ್ಥನೆ ಮಾಡಿ" ಎಂದೆ. ಆರೂವರೆಗೆ 108 ಬಂತು. ಅವರು ಮುಂದೆ ಡ್ರೈವರ್ ಪಕ್ಕ ಕೂತರು. ಗಂಡ, ಅತ್ತೆ, ತಾಯಿ ಯಾರೂ ಒಂದು ಮಾತು ಎದುರಾಡಲಿಲ್ಲ. ಪಾಸ್ಟರ್ ಹೊರಟ ಮೇಲೆ ಅವರಿಗೆ ಅನುಮಾನವೇ ಉಳಿಯಲಿಲ್ಲ. ಇಪ್ಪತ್ತು ವರ್ಷ ಈ ಕೆಲಸ ಮಾಡಿದ ನನ್ನ ಮಾತಿಗೆ ಆ ತೂಕ ಇರಲಿಲ್ಲ.

ಆಸ್ಪತ್ರೆಯ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲು ಮೈಯ ಪರೀಕ್ಷೆ: ಬಾಣಂತಿ ನಂಜು ಇದೆಯೇ, ರಕ್ತದೊತ್ತಡ, ಥೈರಾಯ್ಡ್, ಸೋಡಿಯಂ ಹೇಗಿವೆ, ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ. ಬಾಣಂತಿಯರಲ್ಲಿ ಈ ಹೆಪ್ಪು ನಮ್ಮ ದೇಶದಲ್ಲಿ ಅಪರೂಪವಲ್ಲ, ನೀರು ಕಡಿಮೆ ಕುಡಿದರೆ ಅಪಾಯ ಏರುತ್ತದೆ. ನೀರನ್ನು ಅಳೆದು ಕೊಡುವ ಮನೆಯ ಪದ್ಧತಿ, ಅದರ ಮೇಲೆ ಉಪವಾಸ. ಎರಡೂ ಸೇರಿ ಏನಾಗಬಹುದಿತ್ತು ಎಂದು ನೆನೆದರೆ ಮೈ ನಡುಗುತ್ತದೆ. ಸ್ಕ್ಯಾನಿನಲ್ಲಿ ಹೆಪ್ಪು ಇರಲಿಲ್ಲ. ಮೈ ಒಣಗಿತ್ತು, ಡ್ರಿಪ್ ಹಾಕಿದರು. ಕಾಯಿಲೆ ಬಾಣಂತಿ ಸನ್ನಿಯೇ. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಹೆಚ್ಚಿನವರಿಗೆ ಮೊದಲ ಎರಡು ವಾರದಲ್ಲೇ. ತುರ್ತು ಚಿಕಿತ್ಸೆ ಬೇಕಾದ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ ಅದು. ಇಂಜೆಕ್ಷನ್ ಮೇಲೆ ಮೊದಲ ರಾತ್ರಿ ಒಂಬತ್ತು ಗಂಟೆ ಮಲಗಿದಳು. ಕೂಸು ಬದಲಿಯಾಗಿದೆ ಎಂಬ ಭ್ರಮೆ ಪೂರ್ತಿ ಹೋಗಲು ಮೂರನೇ ವಾರವೇ ಬೇಕಾಯಿತು. ತಾಯಿ ಮಗುವನ್ನು ಒಟ್ಟಿಗೆ ಸೇರಿಸಿಕೊಳ್ಳುವ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಅಷ್ಟು ದೂರ ಹೋಗಲಾಗದ ಈ ಮನೆಯವರಿಗೆ, ಅಜ್ಜಿ ಪಕ್ಕದಲ್ಲಿ ಕೂತಿರುವಾಗ ಮಾತ್ರ ಕೂಸನ್ನು ತೊಡೆಗೆ ಕೊಡುವ ಏರ್ಪಾಡು ಮಾಡಿದೆವು.

ಹುಡುಗಿಯ ತಾಯಿಗೆ ಇನ್ನೊಂದು ತಳಮಳವಿತ್ತು. ಹರಿಹರಕ್ಕೆ ಕರೆದೊಯ್ದು ಆರೋಗ್ಯ ಮಾತೆಯ ಮುಂದೆ ಕೂರಿಸಿ, ಫಾದರ್ ಕೈಯಲ್ಲಿ ದೆವ್ವ ಬಿಡಿಸಬೇಕಿತ್ತೇ? ವಾರ್ಡಿಗೆ ಬಂದ ಗುರುಗಳು ತಾಳ್ಮೆಯಿಂದ ವಿವರಿಸಿದರು. ಕಥೋಲಿಕ ಸಭೆಯಲ್ಲಿ ಭೂತೋಚ್ಚಾಟನೆ ಯಾವ ಗುರುವೂ ತನ್ನಿಷ್ಟಕ್ಕೆ ಮಾಡುವಂತಿಲ್ಲ. ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕು, ನಮ್ಮ ಜಿಲ್ಲೆಗಾದರೆ ಶಿವಮೊಗ್ಗ ಧರ್ಮಪ್ರಾಂತ್ಯದವರದು. 1992ರ ಧರ್ಮೋಪದೇಶ ಗ್ರಂಥ, ಕಾಯಿಲೆ, ಅದರಲ್ಲೂ ಮನಸ್ಸಿನ ಕಾಯಿಲೆ, ಬೇರೆಯೇ ಸಂಗತಿ, ಅದನ್ನು ನೋಡುವುದು ವೈದ್ಯವಿಜ್ಞಾನದ ಕೆಲಸ ಎಂದು ನೇರವಾಗಿ ಹೇಳುತ್ತದೆ. ಇಷ್ಟು ಹೇಳಿ ಗುರುಗಳು ರೋಗಿಗಳಿಗೆ ಹಚ್ಚುವ ಎಣ್ಣೆಯನ್ನು ಹುಡುಗಿಯ ಹಣೆಗೂ ಅಂಗೈಗೂ ಹಚ್ಚಿದರು. ಅದು ಸಾಯುವವರಿಗೆ ಮಾತ್ರ ಎಂದುಕೊಂಡಿದ್ದ ತಾಯಿ ಗಾಬರಿಯಾಗಿ ಅತ್ತರು. ಕಾಯಿಲೆಯವರಿಗೆ ಬಲ ಕೊಡುವ ಸಂಸ್ಕಾರ ಎಂದು ತಿಳಿದು ಸಮಾಧಾನವಾದರು.

ಕಾಯಿಲೆ ಇಳಿದ ಮೇಲೆಯೇ ಈ ಪ್ರಕರಣದ ಕಷ್ಟದ ಭಾಗ ಶುರುವಾಯಿತು. ಹುಡುಗಿಗೆ ನೆನಪು ತುಂಡು ತುಂಡಾಗಿ ಮರಳಿತು. ಒಂದು ಮಧ್ಯಾಹ್ನ ಕೂಸಿಗೆ ಹಾಲೂಡುತ್ತಾ, "ಮೇಡಂ, ಅದು ನನ್ನೊಳಗೆ ಇತ್ತಾ? ಈಗ ಹೋಗೈತಾ? ನನ್ನ ಹಾಲಿನಾಗೆ ಮಗಳಿಗೆ ಬಂದಿದ್ರೆ?" ಎಂದು ಕೇಳಿದಳು. ದುರಾತ್ಮದ ಮಾತಿನ ನಿಜವಾದ ಬೆಲೆ ಇದು. ಕಾಯಿಲೆ ಬಂದು ಹೋಗುತ್ತದೆ. ಒಳಗೆ ಸೈತಾನ ವಾಸ ಮಾಡಿದ್ದ ಎಂಬ ಮಾತು ಹೋಗುವುದಿಲ್ಲ, ಹಾಸಿಗೆಯಲ್ಲಿ, ತೊಟ್ಟಿಲಲ್ಲಿ, ಅತ್ತೆಯ ನೋಟದಲ್ಲಿ ಉಳಿಯುತ್ತದೆ. ದುರಾತ್ಮಗಳೇ ಇಲ್ಲ ಎಂದು ನಾನು ಹೇಳುವವಳಲ್ಲ, ನನ್ನ ಸತ್ಯವೇದ ಹಾಗೆ ಹೇಳುವುದಿಲ್ಲ. ಆದರೆ ಕಾಯಿಲೆಯವರ ಮೇಲೆ ಆ ಹೆಸರನ್ನು ಹೊರಿಸುವ ಮುನ್ನ ಕೈ ನಡುಗಬೇಕು. ಹುಟ್ಟುಕುರುಡನನ್ನು ಕಂಡು ಪಾಪ ಯಾರದು, ಇವನದೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ ಯೇಸು ಕೊಟ್ಟ ಉತ್ತರ ಯೋಹಾನ 9ರಲ್ಲಿದೆ: ಇಬ್ಬರದೂ ಅಲ್ಲ. ಅದನ್ನೇ ಅವಳಿಗೆ ಓದಿ ಹೇಳಿದೆ. ವಂಶದ ಶಾಪದ ಮಾತಿಗೆ ಯೆಹೆಜ್ಕೇಲ 18 ಉತ್ತರವಾಯಿತು: ತಂದೆಯ ದೋಷವನ್ನು ಮಗ ಹೊರುವುದಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಎರಡನೇ ತೊಡಕು ಸಾಕ್ಷಿಯದು. ಮೂರು ತಿಂಗಳಾದಾಗ ಸಭೆಯ ಕೆಲವು ಹಿರಿಯರು, ಭಾನುವಾರ ಮುಂದೆ ನಿಂತು ದುರಾತ್ಮದಿಂದ ದೇವರು ಬಿಡಿಸಿದನೆಂದು ಬಿಡುಗಡೆಯ ಸಾಕ್ಷಿ ಹೇಳಬೇಕು, ಮಾತ್ರೆ ನುಂಗುತ್ತಾ ಸಾಕ್ಷಿ ಹೇಳಿದರೆ ಹೇಗೆ ಎಂದರಂತೆ. ಅವಳು ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು. ಒಂಬತ್ತನೇ ದಿನ ಗಂಡನಿಗೆ ಎಚ್ಚರವಾಗಿ ನೋಡಿದರೆ ರಾತ್ರಿ ಎರಡಕ್ಕೆ ಪಾತ್ರೆ ಉಜ್ಜುತ್ತಾ ಹಾಡುತ್ತಿದ್ದಳು. ಗಂಡ ಮೊದಲು ಫೋನ್ ಮಾಡಿದ್ದು ಪಾಸ್ಟರಿಗೆ. ಪಾಸ್ಟರ್ ಬೆಳಿಗ್ಗೆ ಆರಕ್ಕೇ ಆಟೋ ತಂದು ಆಸ್ಪತ್ರೆ ಬಾಗಿಲಿಗೆ ಕರೆತಂದಿದ್ದರು. ಈ ಸಲ ವಾರ್ಡಿಗೆ ಸೇರುವ ಅಗತ್ಯ ಬೀಳಲಿಲ್ಲ.

ಮರು ಭಾನುವಾರ ಅವರು ಎಲೀಯನ ಮೇಲೆ ಪ್ರಸಂಗ ಮಾಡಿದರು. ನಾನೂ ಹೋಗಿದ್ದೆ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ, ಮರುದಿನಗಳಲ್ಲೇ ಅರಣ್ಯಕ್ಕೆ ಓಡಿ, ನಮ್ಮ ಕಡೆ ಜಾಲಿಗಿಡ ಇದ್ದಂಗೆ ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೂತನು ಬಂದು ಗದರಿಸಿದನೇ? ಪಾಪ ಒಪ್ಪಿಕೋ ಎಂದನೇ? ಇಲ್ಲ, ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಊಟ ಕೊಟ್ಟ. ಎಲೀಯನೇ ಇಲ್ಲಿ ಏನು ಮಾಡುತ್ತೀ ಎಂದು ದೇವರು ಕೇಳಿದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ. "ನಾನು ಪ್ರಶ್ನೇನ ಮೊದಲು ಕೇಳಿದೆ, ರೊಟ್ಟಿ ಆಮೇಲೆ ಅಂದೆ. ತಪ್ಪು ಮಾಡಿದೆ" ಎಂದು ಅವರು ಪೀಠದಿಂದಲೇ ಹೇಳಿದರು. ಸಭೆಯಲ್ಲಿ ಎಲ್ಲರಿಗೂ ಅದು ಹಿಡಿಸಲಿಲ್ಲ. ಎರಡು ಕುಟುಂಬ ಆ ಸಭೆ ಬಿಟ್ಟು ಹೋದವು. ಪಾಸ್ಟರ್ ಈಗಲೂ ಬಿಡುಗಡೆ ಪ್ರಾರ್ಥನೆ ಮಾಡುತ್ತಾರೆ. ಆದರೆ ಯಾರು ಬಂದರೂ ಮೊದಲು ಕೇಳುವುದು ಎಷ್ಟು ದಿನದಿಂದ ನಿದ್ದೆ ಇಲ್ಲ, ಊಟ ಹೇಗಿದೆ, ಸಾಯುವ ಮಾತಾಡಿದ್ದಾರಾ ಎಂದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416 ಸಂಖ್ಯೆಯನ್ನು ಹಾಲಿನ ಗೋಡೆಗೆ ಬರೆಸಿದ್ದಾರೆ.

ಹುಡುಗಿ ಈಗ ಮತ್ತೆ ಬಸುರಿ, ಏಳು ತಿಂಗಳು. ಒಮ್ಮೆ ಸನ್ನಿಯಾದವರಿಗೆ ಮುಂದಿನ ಹೆರಿಗೆಯಲ್ಲೂ ಅದು ಮರುಕಳಿಸುವ ಸಾಧ್ಯತೆ ಜಾಸ್ತಿ, ಆದ್ದರಿಂದ ಗರ್ಭಿಣಿಯಾಗುವ ಮೊದಲೇ ಬಂದು ಮಾತ್ರೆಗಳ ಬಗ್ಗೆ ವೈದ್ಯರ ಹತ್ತಿರ ಮಾತಾಡಿದ್ದಳು. ಮೊನ್ನೆ ಅವರ ಮನೆಯಲ್ಲಿ ಕೂತು ಒಂದು ಹಾಳೆ ಬರೆದೆವು. ರಾತ್ರಿ ಹತ್ತರಿಂದ ಐದರ ತನಕ ಕೂಸನ್ನು ನೋಡಿಕೊಳ್ಳುವುದು ಅತ್ತೆ, ಭಾನುವಾರ ಬುಧವಾರ ತಾಯಿ. ನೀರು ಕೇಳಿದಷ್ಟು. ಒಂದು ರಾತ್ರಿ ಪೂರ್ತಿ ನಿದ್ದೆ ತಪ್ಪಿದರೆ ಮರುಬೆಳಿಗ್ಗೆಯೇ ಆಸ್ಪತ್ರೆ, ಎರಡನೇ ರಾತ್ರಿಗೆ ಕಾಯುವುದಿಲ್ಲ. ಕೆಳಗೆ ಮೂರು ಫೋನ್ ನಂಬರ್: ಮನೋವೈದ್ಯರದು, ಪಾಸ್ಟರದು, ನನ್ನದು. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ರಾತ್ರಿ ಪಾಳಿಯ ಎದುರು ತಮ್ಮ ಹೆಸರನ್ನು ತಾವೇ ಬರೆದು, ಹಾಳೆಯನ್ನು ಸತ್ಯವೇದದೊಳಗೆ ಇಡಲು ಹೋದರು. ಹುಡುಗಿ ಅದನ್ನು ಇಸಿದುಕೊಂಡು ಅಡುಗೆಮನೆಯ ಗೋಡೆಗೆ, ಎಲ್ಲರ ಕಣ್ಣಿಗೆ ಬೀಳುವಲ್ಲಿ, ಅಂಟಿಸಿದಳು.